ಮಾತು ಬಿಟ್ಟ ಮೇಷ್ಟರು ಅಂಬಾಜಿದುರ್ಗಕ್ಕೆ ಹೋದದ್ದು

ನನ್ನದೊಂದು ದುರಭ್ಯಾಸವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಎದುರಿಗೆ ಬಂದರೆ, ಏನಾಯಿತೆಂದು ಕೇಳುವ ಮೊದಲೇ ಎಲ್ಲಿಗೆ ಹೋಗಿಬರಬೇಕೆಂದು ಹೇಳಿಬಿಡುತ್ತೇನೆ. ಸಣ್ಣ ಬೇಸರಕ್ಕೆ ನಮ್ಮ ಚಿಂತಾಮಣಿಯ ರೈಲ್ವೆ ಸ್ಟೇಷನ್ನು. ಅಲ್ಲಿಗೆ ಬರುವ ರೈಲುಗಳು ಕಡಿಮೆಯಾದ್ದರಿಂದ ಬೆಂಚುಗಳೆಲ್ಲ ಖಾಲಿ; ಯಾರೂ ಯಾಕೆ ಕೂತಿದ್ದೀರೆಂದು ಕೇಳುವುದಿಲ್ಲ. ನಡುತರದ ಬೇಸರಕ್ಕೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ. ಬೆಳಿಗ್ಗೆ ಹೋಗಿ ಗೂಡಿನ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿದರೆ, ಒಣ ಎಲೆ ಸರಸರ ಎಂದಂತೆ ಒಂದು ಸದ್ದಾಗುತ್ತದೆ. ಆ ಸದ್ದು ತೋಳಿನಿಂದ ಎದೆಗೆ ಹತ್ತುತ್ತದೆ. ದೊಡ್ಡ ಬೇಸರಕ್ಕೆ ಅಂಬಾಜಿದುರ್ಗ. ಬಂಡೆಯ ಮೇಲೆ ಕೂತು ಕೆಳಗಿನ ಟೊಮೆಟೊ ತೋಟ, ಹಿಪ್ಪುನೇರಳೆ ಹೊಲ, ಇರುವೆಯಂತೆ ಹೋಗುವ ಬಸ್ಸು ನೋಡಿದರೆ ನಮ್ಮ ಕಷ್ಟವೂ ಅದೇ ಗಾತ್ರಕ್ಕೆ ಇಳಿಯುತ್ತದೆ.

ಹಿಂದಿನ ಕಾಲದ ವೈದ್ಯರು ಹವಾ ಬದಲಾವಣೆಯನ್ನೇ ಔಷಧವೆಂದು ಹೇಳುತ್ತಿದ್ದರಂತೆ. ನಮ್ಮ ಹಿರಿಯರಂತೂ ಪ್ರತಿ ಗುಡ್ಡಕ್ಕೊಂದು ಸ್ಥಳಪುರಾಣ ಕಟ್ಟಿದರು: ಇಲ್ಲಿ ಮಿಂದವರ ಆ ಪಾಪ ಕಳೆಯಿತು, ಅಲ್ಲಿ ಮಲಗಿದವರ ಈ ರೋಗ ವಾಸಿಯಾಯಿತು ಎಂದು. ನನ್ನ ಮೂರು ಸ್ಥಳಗಳಿಗೆ ಪುರಾಣವಿಲ್ಲ, ಪೂಜೆಯೂ ಇಲ್ಲ. ಇರುವುದು ನನ್ನ ಬಾಯಿಪ್ರಚಾರ ಮಾತ್ರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನ ಬಾಯಿ, ಪ್ರಚಾರಕ್ಕೇನೂ ಕಡಿಮೆಯಿರಲಿಲ್ಲ.

ಹೋದ ವರ್ಷ ಆ ಬಾಯಿಯೇ ಕೈಕೊಟ್ಟಿತು. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ನನ್ನ ದನಿ ಹರಿದ ತಮಟೆಯಂತಾಯಿತು. ಬಿಸಿನೀರು, ಜ್ಯೇಷ್ಠಮಧು, ಮೆಣಸಿನ ಕಷಾಯ ಯಾವುದಕ್ಕೂ ಬಗ್ಗಲಿಲ್ಲ. ತಿಂಗಳು ಕಳೆದ ಮೇಲೆ ಹೆಂಡತಿ ಸುಜಾತ ಚಿಕ್ಕಬಳ್ಳಾಪುರದ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕೊಳವೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟಿದೆ ಎಂದರು. ವಾರ ಬಿಟ್ಟು ಅದನ್ನು ತೆಗೆದೂ ಹಾಕಿದರು. ಸುಜಾತ ಕೆಳಗೆ ಔಷಧಿ ತರಲು ಹೋಗಿದ್ದಾಗ ನನ್ನೊಬ್ಬನಿಗೇ ಹೇಳಿದರು: "ಚೂರನ್ನ ಪರೀಕ್ಷೆಗೆ ಕಳಿಸ್ತಿದ್ದೀವಿ. ರಿಪೋರ್ಟ್ ಬರೋಕೆ ಒಂದು ವಾರ. ಹತ್ತು ದಿನ ಮಾತು ಬೇಡ. ಪಿಸುಮಾತೂ ಬೇಡ."

ಯಾವ ಪರೀಕ್ಷೆಯೆಂದು ನಾನು ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನರ್ಸು ಫಾರಂ ಕೊಟ್ಟು ಫೋನ್ ನಂಬರ್ ಬರೆಯಿರಿ ಎಂದಳು. ಸುಜಾತಳಿಗೆ ಗೊತ್ತಾಗಬಾರದೆಂದು ನನ್ನ ನಂಬರನ್ನೇ ಬರೆದೆ. ಮಾತಾಡಬಾರದವನು ಫೋನಿಗೆ ತನ್ನ ನಂಬರು ಕೊಟ್ಟರೆ ಏನಾಗುತ್ತದೆಂದು ಹೊಳೆಯಲಿಲ್ಲ. ಭಯ ಬಂದಾಗ ಮೇಷ್ಟರ ಬುದ್ಧಿಯೂ ಅಷ್ಟೇ.

ಮನೆಯಲ್ಲಿ ನನ್ನ ಮೌನ ಹಬ್ಬವಾಯಿತು. ಸುಜಾತ ಅಂಗನವಾಡಿ ಟೀಚರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬರುವವಳು. "ಮದುವೆಯಾದಾಗಿಂದ ಮೊದಲ್ನೇ ಸಲ ಒಂದು ಸೀರಿಯಲ್ಲು ಪೂರ್ತಿ ಕೇಳಿಸ್ತು ಕಣ್ರೀ" ಎಂದಳು. ನಾನು ನಕ್ಕೆ. ಅವಳು ಅಷ್ಟು ನಿರಾಳವಾಗಿರುವಾಗ ಹಾಳೆಯ ಮೇಲೆ ಆ ಒಂದು ಸಾಲು ಬರೆದು ತೋರಿಸಲು ಕೈ ಬರಲಿಲ್ಲ.

ಸರಿ, ಊರಿಗೆಲ್ಲ ಹೇಳಿದ ಔಷಧವನ್ನು ನಾನೇ ತೆಗೆದುಕೊಳ್ಳೋಣವೆಂದು ಹೊರಟೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಯಾರೂ ಏನೂ ಕೇಳಲಿಲ್ಲ. ಯಾರಾದರೂ ಕೇಳಬಾರದಿತ್ತೇ ಎನಿಸಿತು. ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋದೆ. ನನ್ನ ಜತೆ ಓದಿದ ಖಾದರ್ ಅಲ್ಲಿ ನೂಲು ಬಿಚ್ಚುವ ಕಸುಬಿನವನು. ಮಾರುಕಟ್ಟೆಯಲ್ಲಿ ಗೂಡು ನೋಡುತ್ತ ನಿಂತಿದ್ದ. ಗೂಡಿನ ರಾಶಿಗೆ ಕೈ ತೂರಿಸಿದೆ. ಸದ್ದಾಯಿತು, ಆದರೆ ಮೊಣಕೈ ದಾಟಿ ಮೇಲೆ ಬರಲಿಲ್ಲ. ಜೇಬಿನ ಪುಸ್ತಕ ತೆಗೆದು ಖಾದರನಿಗೆ ಎರಡು ಸಾಲು ಬರೆದು ಕೊಟ್ಟೆ. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ಮನೇಲಿ ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಡಾಕ್ಟ್ರು ಬಾಯಿ ಮುಚ್ಕೋ ಅಂದ್ರು ಕಣೋ, ಪೆನ್ನನ್ನಲ್ಲ. ಹೇಳಪ್ಪ ಮೊದ್ಲು."

ಹೇಳುತ್ತೇನೆಂದು ಸನ್ನೆ ಮಾಡಿ ಬಂದೆ. ಹೇಳಲಿಲ್ಲ.

ಆರನೆಯ ದಿನ ಬ್ಯಾಂಕಿಗೆ ಹೋಗುತ್ತೇನೆಂದು ಬರೆದಿಟ್ಟು ಸ್ಕೂಟರಿನಲ್ಲಿ ಅಂಬಾಜಿದುರ್ಗಕ್ಕೆ ಹೋದೆ. ಬೆಟ್ಟ ಪೂರ್ತಿ ಹತ್ತುವ ಉಸಿರಿರಲಿಲ್ಲ; ಸ್ಕೂಟರು ಹತ್ತಿದಷ್ಟು ಎತ್ತರದಲ್ಲೇ, ಸೀತಾಫಲದ ಗಿಡಗಳ ನಡುವಿನ ಒಂದು ಬಂಡೆಯ ಮೇಲೆ ಕೂತೆ. ಕೆಳಗೆ ಎಲ್ಲವೂ ಇದ್ದಂತೆಯೇ ಇತ್ತು. ಬಸ್ಸು ಇರುವೆಯಷ್ಟೇ ಇತ್ತು. ನನ್ನ ಭಯ ಮಾತ್ರ ಒಂದಂಗುಲವೂ ಚಿಕ್ಕದಾಗಲಿಲ್ಲ. ಇಷ್ಟು ವರ್ಷ ಎಷ್ಟು ಜನರನ್ನು ಸುಮ್ಮನೆ ಓಡಾಡಿಸಿದೆನಪ್ಪ ಎಂದು ನಾಚಿಕೆಯಾಯಿತು.

ನಾಲ್ಕು ಮೇಕೆ ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. "ಯಾವೂರು ಸಾಮಿ? ಒಬ್ರೇ ಕೂತವ್ರಲ್ಲ" ಎಂದಳು. ಗಂಟಲು ತೋರಿಸಿ ಕೈಯಾಡಿಸಿದೆ. ನಾನು ಹುಟ್ಟುಮೂಗನೆಂದು ತಿಳಿದ ಆಕೆ, "ಪಾಪಂ" ಎಂದು, ನನ್ನ ಕಿವಿಯೂ ಹೋಗಿರಬೇಕೆಂದುಕೊಂಡು ಅಲ್ಲಿಂದಾಚೆಗೆ ಕೂಗಿಯೇ ಮಾತಾಡಿದಳು. ತನ್ನ ಹೆಸರು ವೆಂಕಟಲಕ್ಷ್ಮಮ್ಮ ಎಂಬುದನ್ನು ಇಡೀ ಬೆಟ್ಟಕ್ಕೆ ಕೇಳುವಂತೆ ಹೇಳಿದಳು.

ಆಗ ಫೋನು ಬಂತು. ಆಸ್ಪತ್ರೆಯ ಲ್ಯಾಂಡ್‌ಲೈನು. ಎತ್ತಿದೆ. "ಹಲೋ, ಯಾರು ಮಾತಾಡೋದು? ಹಲೋ?" ಎಂದಿತು ಒಂದು ಹೆಣ್ಣುದನಿ. ಉತ್ತರ ಕೊಡಲಾರದೆ ನಿಂತೆ. ಕಟ್ಟಾಯಿತು. ಮತ್ತೆ ಬಂತು, ಮತ್ತೆ ಹಲೋ, ಮತ್ತೆ ಕಟ್ಟು. ಮೂರನೆಯ ಸಲ ಬಂದಾಗ ಬೇರೇನೂ ತೋಚದೆ ಫೋನನ್ನು ವೆಂಕಟಲಕ್ಷ್ಮಮ್ಮನ ಕೈಗೆ ಕೊಟ್ಟು ಕೈಮುಗಿದೆ.

"ಹಲೋ... ಊನಮ್ಮ, ಹೌದಮ್ಮ, ಇಲ್ಲೇ ಅವ್ರೆ. ಅವ್ರಿಗೆ ಮಾತು ಬರಲ್ಲ. ನಾನಾ? ನಾನು ಅವ್ರ ಕಡೆಯೋಳೇ, ಹೇಳಮ್ಮ."

ಆಮೇಲೆ ಆಕೆ ಬಹಳ ಹೊತ್ತು ಕೇಳಿಸಿಕೊಂಡಳು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಉತ್ತರ ಗೊತ್ತಿದೆಯೋ ಇಲ್ಲವೋ ಹೇಳುತ್ತಿದ್ದವನಿಗೆ ಆ ಮುಖದಲ್ಲಿ ಒಂದಕ್ಷರವೂ ಓದಲು ಬರಲಿಲ್ಲ. ಕೊನೆಗೆ ಆಕೆಯೇ ಕೇಳಿದಳು: "ಅಂದ್ರೆ, ಸಾಯೋ ಕಾಯ್ಲೆ ಅಲ್ಲ ತಾನೆ?"

ಆರು ದಿನಗಳಿಂದ ನಾನು ಪೆನ್ನಿನಲ್ಲೂ ಬರೆಯಲಾಗದ ಪ್ರಶ್ನೆ ಅದು. ಮೇಕೆ ಕಾಯುತ್ತ ಕೇಳಿಬಿಟ್ಟಳು.

ಫೋನು ಇಳಿಸಿ ಹೇಳಿದಳು. "ಏಮೀ ಲೇದಂಟ ಸಾಮಿ. ಏನೂ ಇಲ್ವಂತೆ. ಕೂಗಿ ಕೂಗಿ ಆಗಿದ್ದ ಗಂಟಂತೆ. ಕೆಟ್ಟದ್ದಲ್ವಂತೆ. ಇನ್ನೂ ನಾಲ್ಕು ದಿನ ಬಾಯ್ ಮುಚ್ಕಂಡಿದ್ದು ಬರಬೇಕಂತೆ."

ನಾನು ಬಂಡೆಯ ಮೇಲೆ ಕೂತುಬಿಟ್ಟೆ. ಕಣ್ಣೀರು ತಾನಾಗಿ ಸುರಿಯಿತು. ಸದ್ದು ಮಾಡಿ ಅಳಲೂ ಅನುಮತಿಯಿಲ್ಲದ ಅಳು. ವೆಂಕಟಲಕ್ಷ್ಮಮ್ಮ ಸ್ವಲ್ಪ ಹೊತ್ತು ಮೇಕೆಗಳ ಕಡೆ ತಿರುಗಿ ನಿಂತಿದ್ದು, ಆಮೇಲೆ ಕೇಳಿದಳು: "ಮನೇಲಿ ಯಾರವ್ರೆ? ಅವ್ರಿಗೆ ಹೇಳಲ್ವಾ?"

ಸಂತೋಷದಲ್ಲಿ ಮನುಷ್ಯನ ಬುದ್ಧಿ ಭಯದಲ್ಲಿದ್ದುದಕ್ಕಿಂತ ಉತ್ತಮವೇನಲ್ಲ. ಮೆಸೇಜು ಬರೆಯಬಹುದೆಂಬುದೂ ಹೊಳೆಯಲಿಲ್ಲ. ಸುಜಾತಳ ನಂಬರು ಒತ್ತಿ ಫೋನನ್ನು ಮತ್ತೆ ಆಕೆಗೇ ಕೊಟ್ಟೆ.

"ತಾಯೀ, ಏನೂ ಗಾಬರಿ ಇಲ್ಲ. ನಿಮ್ ಯಜಮಾನ್ರು ಸಾಯಲ್ವಂತೆ" ಎಂದು ಶುರುಮಾಡಿದಳು.

ಗಂಡನ ಫೋನಿನಿಂದ ಗುರುತಿಲ್ಲದ ಹೆಂಗಸಿನ ದನಿಯಲ್ಲಿ ಇಂಥದೊಂದು ಮಾತು ಕೇಳಿದ ಸುಜಾತಳ ಸ್ಥಿತಿ ಏನಾಗಿರಬೇಕು. ಅವಳು ಮೊದಲು ಆಕ್ಸಿಡೆಂಟ್ ಎಂದುಕೊಂಡಳಂತೆ. ವೆಂಕಟಲಕ್ಷ್ಮಮ್ಮ ಆಸ್ಪತ್ರೆ, ಗಂಟು, ರಿಪೋರ್ಟು ಎಲ್ಲವನ್ನೂ ತಾನು ಕೇಳಿದಂತೆಯೇ ಒಪ್ಪಿಸಿದಳು. "ಅಳಬೇಡ ತಾಯಿ" ಎಂದಳು ಈಕೆ. ಆಮೇಲೆ ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಮಂಡಿನೋವು, ಅದಕ್ಕೆ ಹಚ್ಚುವ ಎಣ್ಣೆ, ಗಂಡಸರು ಮನೆಯಲ್ಲಿ ಹೇಳದೆ ಇಟ್ಟುಕೊಳ್ಳುವ ಸಂಗತಿಗಳು, ಎಲ್ಲ ಬಂದವು. ಕಡೆಗೆ ಫೋನು ನನ್ನ ಕಿವಿಗೆ ಬಂತು.

"ಖಾದರಣ್ಣಂಗೆ ಗೊತ್ತಿತ್ತಾ?" ಎಂದಳು ಸುಜಾತ. ನಾನು ಹೌದೆಂದು ತಲೆಯಾಡಿಸಿದೆ, ಅದು ಅವಳಿಗೆ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. "ಗೊತ್ತಿರತ್ತೆ ಬಿಡಿ. ಮನೆಗೆ ಬನ್ನಿ. ಈಗ ನಾನು ಮಾತಾಡ್ತೀನಿ, ನೀವು ಕೇಳಿ. ಬರೋವಾಗ ಆ ಅಮ್ಮನ್ನ ಅವ್ರೂರಿಗೆ ಬಿಟ್ಟು ಬನ್ನಿ, ಮಂಡಿ ನೋವಂತೆ." ಮೂಗು ಏರಿಸಿಕೊಂಡ ಸದ್ದು ಕೇಳಿಸಿತು, ಫೋನಿಟ್ಟಳು.

ಸ್ಕೂಟರಿನ ಹಿಂದಿನ ಸೀಟು ತೋರಿಸಿದೆ. ವೆಂಕಟಲಕ್ಷ್ಮಮ್ಮ ನಕ್ಕಳು. "ಮೇಕೆಗಳ್ನ ಎಲ್ಲಿ ಕೂರಿಸ್ತೀರಿ?"

ಹಾಗಾಗಿ ಸ್ಕೂಟರು ತಳ್ಳಿಕೊಂಡು ಆಕೆಯ ಜತೆ ನಡೆದೆ. ಮುಂದೆ ನಾಲ್ಕು ಮೇಕೆ, ಹಿಂದೆ ನಾವಿಬ್ಬರು. ಬಿಸಿಲು ಹಿತವಾಗಿತ್ತು. ದಾರಿಯುದ್ದಕ್ಕೂ ಆಕೆ ಕನ್ನಡಕ್ಕೆ ತೆಲುಗು ಬೆರೆಸಿ ತನ್ನ ಸಂಸಾರ ಹೇಳಿದಳು. ಅದಕ್ಕೂ ಹಿಂದಿನ ವರ್ಷ ತೀರಿಕೊಂಡ ತಂಗಿಯ ವಿಷಯ ಹೇಳುವಾಗ ಎರಡು ಸಲ ನಿಂತಳು; ನಾನೂ ನಿಂತೆ. ತಂಗಿಗೂ ಇಂಥದೇ ಒಂದು ರಿಪೋರ್ಟು ಬಂದಿತ್ತಂತೆ, ಬೇರೆ ಉತ್ತರದ್ದು. ಈ ಮಾತನ್ನು ಆಕೆ ಕೂಗಿ ಹೇಳಲಿಲ್ಲ.

ಊರಿನ ಬೇವಿನ ಮರದ ಹತ್ತಿರ ಮೇಕೆಗಳು ತಾವೇ ತಿರುಗಿಕೊಂಡವು. ವೆಂಕಟಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಹೋಗ್ಬರ್ತೀನಿ ಸಾಮಿ. ನಿಮ್ ಜತೆ ಮಾತಾಡಿ ಮನಸ್ಸು ಹಗುರ ಆಯ್ತು."