ಹಿತ್ತಲಲ್ಲಿ ನಿಲ್ಲದ ಸೋದರತ್ತೆ

ನನ್ನ ಸೋದರತ್ತೆಯ ಬಲಗೈ ಬೆರಳ ತುದಿಯಿಂದ ಮೊಣಕೈವರೆಗೆ ಬೆಳ್ಳಗಿತ್ತು, ಎಡಗೈ ಎರೆಮಣ್ಣಿನಷ್ಟು ಕಪ್ಪು. ಆ ಬಿಳಿಗೈಯಲ್ಲೇ ಆಕೆ ರೊಟ್ಟಿ ಬಡಿಯುತ್ತಿದ್ದಳು. ಯಲಬುರ್ಗಾ ಸೀಮೆಯ ನಮ್ಮೂರಲ್ಲಿ ಆ ರೊಟ್ಟಿ ತಿನ್ನುವ ಧೈರ್ಯ ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಇರಲಿಲ್ಲ. ಅವರ ದುರ್ದೈವ! ಅಂಥ ಮೆತ್ತನೆಯ ರೊಟ್ಟಿ ನಾನು ಮತ್ತೆಲ್ಲೂ ಉಂಡಿಲ್ಲ.

ತೊನ್ನು ಕಾಣಿಸಿಕೊಂಡದ್ದು ಮದುವೆಯಾದ ಮೇಲೆ. ಕುಷ್ಟಗಿಯ ಗಂಡನ ಮನೆಯವರು ಅದನ್ನು ಕುಷ್ಠವೆಂದು ತಿಳಿದು ಆಕೆಯನ್ನು ತವರಿಗೆ ಅಟ್ಟಿ, ಮಗನಿಗೆ ಇನ್ನೊಂದು ಮದುವೆ ಮಾಡಿದರು. ಕೊಪ್ಪಳದ ಹಕೀಮರು ಸೂಜಿ ಚುಚ್ಚಿ ನೋಡಿ, ಕುಷ್ಠವಲ್ಲ, ತೊನ್ನು ಎಂದರು. ಬಾವಂಚಿ ಬೀಜ ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂರಲು ಹೇಳಿದರು. ಚರ್ಮ ಸುಟ್ಟು ಗುಳ್ಳೆ ಎದ್ದವು. ಅತ್ತೆ ಬೀಜವನ್ನೆಲ್ಲ ತಿಪ್ಪೆಗೆ ಸುರಿದಳು.

"ಬಣ್ಣ ಹೋಗೇತಿ, ಕೈ ಹೋಗಿಲ್ಲ. ಇದ್ರ ಇರಲಿ ಬಿಡ್ರಿ," ಎಂದಳು.

ಹೆಣ್ಣು ನೋಡಲು ಯಾರಾದರೂ ಬಂದರೆ ಆಕೆಯನ್ನು ಹಿತ್ತಲಿಗೆ ಕಳಿಸುವುದು ನಮ್ಮ ಮನೆಯ ರೂಢಿ. ನನ್ನ ಸರದಿ ಬಂದಾಗ ಅವ್ವನಿಗೆ ಇನ್ನೂ ದೊಡ್ಡ ಚಿಂತೆ. ನನ್ನ ಮಣಿಕಟ್ಟಿನಲ್ಲೂ ಬಿಳಿ ಮಚ್ಚೆ ಎದ್ದಿತ್ತು. ಅದು ಮುಚ್ಚುವಷ್ಟು ಬಳೆ ಇಡಿಸಿ, ಹುಲಿಹೈದರದಿಂದ ಬಂದವರ ಮುಂದೆ ನನ್ನನ್ನು ಕೂರಿಸಿದಳು.

ಮಾತು ಕೂಡಿಬರುವ ಹೊತ್ತಿಗೆ ಅತ್ತೆ ಹಿತ್ತಲಿಂದ ಒಳಗೆ ಬಂದಳು. ಕೈಯಲ್ಲಿ ಕೌದಿ ಹೊಲಿಯುವ ಸೂಜಿ. ವರನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದೇನ್ರಿ, ಮನ್ಯಾಗ ಕುಷ್ಠ ಇಟಗೊಂಡೀರಿ?"

ಅತ್ತೆ ಎಲ್ಲರ ಕಣ್ಣೆದುರೇ ಬಿಳಿಗೈಗೆ ಸೂಜಿ ಚುಚ್ಚಿಕೊಂಡಳು. ರಕ್ತ ಜಿನುಗಿತು.

"ನೋಡ್ರಿ, ಚುರ್ ಅಂತೈತಿ. ಕುಷ್ಠದ ಮಚ್ಚಿಗೆ ಚುಚ್ಚಿದ್ರ ಗೊತ್ತಾಗಂಗಿಲ್ಲ. ಇದು ತೊನ್ನು, ಮುಟ್ಟಿದ್ರ ಹತ್ತಂಗಿಲ್ಲ." ಹಾಗೆಂದವಳೇ ನನ್ನ ಬಳೆಗಳನ್ನು ಮೇಲಕ್ಕೆ ಸರಿಸಿದಳು. "ಇಕಿಗೂ ಐತಿ. ಇವತ್ತ ಮುಚ್ಚಿ ಕೊಟ್ರ ನಾಳೆ ನನ್ನಂಗ ತಿರುಗಿ ಬರ್ತಾಳ. ನೋಡಿ ಒಪ್ಪೂದಿದ್ರ ಒಪ್ಪ್ರಿ, ಇಲ್ಲಂದ್ರ ನೀರು ಕುಡದು ಹೋಗ್ರಿ."

ಅವರು ನೀರೂ ಮುಟ್ಟದೆ ಎದ್ದರು. ಅಪ್ಪ ತಂಗಿಯೊಂದಿಗೆ ಮಾತು ಬಿಟ್ಟ. ನನ್ನ ಬಾಳೇ ಹಾಳಾಯಿತೆಂದು ಅವ್ವ ಅತ್ತಳು. ನನಗೆ ಮಾತ್ರ ಎದೆಯ ಭಾರ ಇಳಿದಿತ್ತು. ಮುಂದೆ ಆನೆಗೊಂದಿಯವರು ಮಚ್ಚೆ ನೋಡಿಯೇ ನನ್ನನ್ನು ಒಪ್ಪಿದರು. ಆ ಮನೆಯಲ್ಲಿ ನಾನು ಯಾರಿಗೂ ಹೆದರಿ ಬಾಳಲಿಲ್ಲ. ಅದು ನನ್ನ ಸೋದರತ್ತೆ ಕೊಟ್ಟ ಬಾಳು.

ರಜಾಕಾರರ ಗಲಾಟೆಯ ಕಾಲದಲ್ಲಿ ಆಕೆ ಜ್ವರ ಬಂದು ತೀರಿಕೊಂಡಳು. ಮುತ್ತೈದೆಯ ಹೆಣಕ್ಕೆ ಗಂಡನೇ ಕುಂಕುಮ ಇಡಬೇಕೆಂದು ಹಿರಿಯರು ಕುಷ್ಟಗಿಗೆ ಹೇಳಿಕಳಿಸಿದರು. ಆತ ಬಂದ. ಕುಂಕುಮದ ಬಟ್ಟಲು ಹಿಡಿದು ಹೆಣದ ಬಳಿ ಕುಳಿತ. ಮುಟ್ಟಲೋ ಬೇಡವೋ ಎಂದು ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡ. ಬಟ್ಟಲು ಕಸಿದುಕೊಂಡೆ.

"ಏಳ್ರಿ ಮಾಮಾ. ಆಕಿ ನಿಮ್ಮ ಮನಿಯಾಕಿ ಅಲ್ಲ."

ಶಾಸ್ತ್ರ ಕೆಟ್ಟಿತೆಂದು ಹಿರಿಯರು ಕೂಗಾಡಿದರು. ಕೂಗಾಡಲಿ. ಅತ್ತೆಯ ಹಣೆಗೆ ಕುಂಕುಮ ನಾನೇ ಇಟ್ಟೆ.