ಹನ್ನೆರಡನೆಯ ಕಂತೆ

ದೆವ್ವ, ಗಾಳಿ, ಸತ್ತವರು ಬಂದು ಹೋಗುವುದು, ಇಂಥ ಮಾತು ಬಂದರೆ ನಗುತ್ತಿದ್ದವನು ನಾನು. ಗಾವಡಗೆರೆ ಕಡೆಯ ನಮ್ಮೂರಲ್ಲಿ ನನ್ನ ನಾಲಿಗೆಗೆ ಹೆದರಿ ಯಾರೂ ನನ್ನ ಮುಂದೆ ಅಂಥ ಕತೆ ಎತ್ತುತ್ತಿರಲಿಲ್ಲ. ಈಗ ನಾನೇ ಹೇಳಬೇಕಾಗಿದೆ. ನಗುವುದಾದರೆ ನಕ್ಕುಬಿಡಿ.

ಕೆರೆ ಆಚೆಯ ನಮ್ಮ ಒಂದೆಕರೆಯನ್ನು ಎಂಟು ವರ್ಷ ಯಾರೂ ತುಳಿದಿರಲಿಲ್ಲ. ಅಲ್ಲಿ ಹುಲ್ಲಿನ ಕಂತೆ ಕಟ್ಟುತ್ತಿದ್ದ ನನ್ನ ಅವ್ವನಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ಹುಣಸೂರು ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಆಮೇಲೆ ಲಂಟಾನ ಆಳೆತ್ತರ ಬೆಳೆಯಿತು. ಹೋದ ವರ್ಷ ಮೂರು ಹಸುಗಳಿಗೆ ಮೇವು ಸಾಲದಾದಾಗ ಜೆಸಿಬಿ ತರಿಸಿ ಅದನ್ನು ಬುಡಸಮೇತ ಕೀಳಿಸಿದೆ, ಉಳುಮೆ ಮಾಡಿಸಿ ಗಿನಿ ಹುಲ್ಲು ಹಾಕಿದೆ. ಅವ್ವ ಸತ್ತ ದಿನ ಜೊತೆಯಲ್ಲೇ ಇದ್ದ ನನ್ನ ಹೆಂಡತಿ ಮಾತ್ರ, "ಅತ್ತೇನ ತಿಂದ ಜಾಗ ಕಣ್ರೀ, ಬುಟ್ಬುಡಿ," ಅಂತ ಬೇಡಿಕೊಂಡಳು. ನಾನೆಲ್ಲಿ ಕೇಳಿಯೇನು?

ಕೊಯ್ದ ಹುಲ್ಲು ಎರಡು ದಿನ ಒಣಗಿತು. ಮೂರನೆಯ ದಿನ ಅದನ್ನು ಗುಡ್ಡೆ ಗುಡ್ಡೆಯಾಗಿ ಎಳೆದಿಟ್ಟು ಊಟಕ್ಕೆ ಮನೆಗೆ ಹೋದೆ. ಹೆಂಡತಿಯೇ ಮುದ್ದೆ ಇಕ್ಕಿದಳು. ಕಂತೆ ಕಟ್ಟಲು ಅವಳನ್ನೂ ಹೇಗೋ ಒಪ್ಪಿಸಿ ಕರೆದುಕೊಂಡು ಬಂದೆ. ಉರಿಬಿಸಿಲು, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ಹನ್ನೊಂದು ಕಂತೆ ಕಟ್ಟಿ ಸಾಲಾಗಿ ಇಟ್ಟಿತ್ತು.

ಯಾರು ಪುಣ್ಯಾತ್ಮರಪ್ಪಾ ಅಂದುಕೊಂಡೆ. ಹನ್ನೆರಡನೆಯದಕ್ಕೆ ಹುಲ್ಲಿನ ಹುರಿ ಸುತ್ತಿತ್ತು, ಗಂಟು ಹಾಕಿರಲಿಲ್ಲ. ಅದನ್ನು ಎದೆಗವಚಿ ಎತ್ತಲು ಬಗ್ಗಿದೆ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು.

"ಮುಟ್ಬೇಡಿ. ಇವೆಲ್ಲ ಅತ್ತೆ ಗಂಟು."

ಅವ್ವ ಎಡಚಿ. ಹುರಿಯನ್ನು ಎಡಕ್ಕೆ ತಿರುಚಿ ಕೆಳಗಿನಿಂದ ಸಿಕ್ಕಿಸುತ್ತಿದ್ದಳು. ಊರಲ್ಲಿ ಇನ್ಯಾರೂ ಹಾಗೆ ಕಟ್ಟಿದ್ದನ್ನು ನಾನು ನೋಡಿಲ್ಲ. ಹನ್ನೊಂದೂ ಹಾಗೇ ಇದ್ದವು. ಉದ್ದನೆಯ ಕೋಲು ತಂದು ಆ ಅರೆ ಕಟ್ಟಿದ ಕಂತೆಯನ್ನು ಮಗುಚಿದೆ. ಕೆಳಗೆ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಹೆಂಡತಿ ನನ್ನ ರಟ್ಟೆ ಹಿಡಿದು ಬದುವಿನ ತನಕ ನಡೆಸಿಕೊಂಡು ಬಂದಳು.

ಊರೆಲ್ಲ ವಿಚಾರಿಸಿದೆ. ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಅತ್ತೆ ಬಂದು ನಿಮ್ಮ ಜೀವ ಉಳಿಸಿದರು ಅಂತ ಹೆಂಡತಿ ಇವತ್ತಿಗೂ ಕೈಮುಗಿಯುತ್ತಾಳೆ. ನಾನೂ ಹಾಗೇ ಅಂದುಕೊಂಡು ಸಮಾಧಾನವಾಗಿದ್ದೆ. ಒಂದು ದಿನ ಸುಮ್ಮನಿರಲಾರದೆ, ಅವ್ವ ಸತ್ತ ದಿನ ಎಷ್ಟು ಕಂತೆ ಕಟ್ಟಿದ್ದಳು ಅಂತ ಹೆಂಡತಿಯನ್ನು ಕೇಳಿದೆ.

"ಅನ್ನೊಂದು," ಅಂದಳು. "ಅನ್ನೆರಡ್ನೇದು ಕೈಲಿತ್ತು."

ಅವ್ವ ನನ್ನನ್ನು ಉಳಿಸಲು ಬಂದಿದ್ದಳೋ, ಇಲ್ಲ ಹಾವು ಕಚ್ಚಿದ ಆ ಮಧ್ಯಾಹ್ನ ಅವಳಿಗೆ ಇನ್ನೂ ಮುಗಿದೇ ಇಲ್ಲವೋ, ನನಗೆ ತಿಳಿಯದು.