ಬೋಳುಗುಡ್ಡದ ಕೆಳಗೆ ಸತ್ತ ಆಕಳುಗಳು

ಐವತ್ತರ ದಶಕದ ನಡುಭಾಗ. ರೋಣ ತಾಲ್ಲೂಕು ಆಗ ಇನ್ನೂ ಮುಂಬೈ ರಾಜ್ಯಕ್ಕೆ ಸೇರಿತ್ತು. ಪಶುವೈದ್ಯನಾಗಿ ಹಳಿಯಾಳದ ಕಡೆ ಒಂದೆರಡು ವರ್ಷ ಕೆಲಸ ಮಾಡಿದ್ದ ನನಗೆ ಗಜೇಂದ್ರಗಡದ ದನದ ದವಾಖಾನೆಗೆ ವರ್ಗವಾಯಿತು. ಗುಡ್ಡಗಳ ಮಗ್ಗುಲಿನ ಊರು ಎಂದು ಕೇಳಿದ್ದೆ. ಗುಡ್ಡ ಎಂದರೆ ಕಾಡು ಎಂದೇ ನನ್ನ ಎಣಿಕೆ.

ಬಸ್ಸು ಊರು ಸಮೀಪಿಸಿದಾಗ ಕಂಡದ್ದು ಬೋಳು ಕಲ್ಲು. ಇಳಿಜಾರಿನ ತುಂಬ ಕಡಿದ ಮರಗಳ ಬೊಡ್ಡೆಗಳು, ನಡುವೆ ಅಲ್ಲಲ್ಲಿ ತಂಗಡಿ ಗಿಡ, ಹೊಸದಾಗಿ ಗಳೆ ಹೊಡೆದ ಹೊಲದ ತುಂಡುಗಳು. ಕಾಡು ಎಲ್ಲಿ ಹೋಯಿತೆಂದು ಪಕ್ಕದಲ್ಲಿ ಕುಳಿತವರನ್ನು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವ್ ಜಂಗಲ್ ಖಾತೇದವರೇನ್ರಿ?" ಎಂದರು. ಅಲ್ಲ ಎಂದ ಮೇಲೂ ಆ ಮಾತು ಮುಂದುವರಿಯಲಿಲ್ಲ.

ಊರಲ್ಲೂ ಹಾಗೆಯೇ. ಮಗ್ಗದ ಸದ್ದಿನ ಓಣಿಯಲ್ಲಿ ನಾನು ಹಾದು ಹೋದರೆ ಒಳಗಿನ ಮಾತು ನಿಲ್ಲುತ್ತಿತ್ತು. ಕಾಡು ಕಡಿದವರು ಯಾರೆಂದರೆ ಊರಿನವರು ಹಳ್ಳಿಯತ್ತ ಕೈ ತೋರಿಸುತ್ತಿದ್ದರು, ಹಳ್ಳಿಯವರು ಊರಿನತ್ತ. ಹೊಸ ಡಾಕ್ಟರು ದನ ಎಣಿಸಿ ಗುಡ್ಡದ ಮೇವು ಬಂದ್ ಮಾಡಿಸಲು ಬಂದಿದ್ದಾನೆ ಎಂದು ಸಂತೆಯಲ್ಲಿ ಸುದ್ದಿಯಾಗಿತ್ತು. ಕಾಯಿಲೆಯ ದನವನ್ನು ಕೂಡ ಜನ ನನ್ನಿಂದ ಮರೆಸುತ್ತಿದ್ದರು. ನನಗೂ ಅವರ ಯಾವ ಮಾತಿನ ಮೇಲೂ ಭರವಸೆ ಮೂಡಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಲಕ್ಕಲಕಟ್ಟಿಯ ಕಡೆಯಿಂದ ಯಲ್ಲಪ್ಪನೆಂಬ ದನಗಾಹಿ ಏದುಸಿರು ಬಿಡುತ್ತ ಬಂದ. ಅವನ ಧಣಿ ಬಸಲಿಂಗಪ್ಪನವರ ಎರಡು ಆಕಳು ಸತ್ತು ಬಿದ್ದಿದ್ದವು.

"ವಿಷಾ ಹಾಕ್ಯಾರ್ರಿ ಸಾಹೇಬ್ರ! ಗುಡ್ಡದ ಹೊಲದ ಹನುಮಪ್ಪಂದ ಕೆಲಸಾರಿ ಇದು."

ವಿಷವೆಂದ ಕೂಡಲೇ ನನಗೆ ಎರಡು ಹೊಳೆದವು. ಒಂದು, ಇಲಿಗೆ ಇಡುವ ಪಾಷಾಣ. ಇನ್ನೊಂದು, ಎಳೆಯ ಜೋಳದ ಚಿಗುರು. ಮಳೆ ಕೈಕೊಟ್ಟು ಮತ್ತೆ ಬಂದಾಗ ಕೊಯ್ದ ಜೋಳದ ಬುಡದಿಂದ ಒಡೆಯುವ ಚಿಗುರಿನಲ್ಲಿ ಹೈಡ್ರೊಸಯಾನಿಕ್ ಆಸಿಡ್ ಎಂಬ ಕಡುವಿಷ ಇರುತ್ತದೆ. ಸತ್ತವು ಸತ್ತವು, ಆದರೆ ಉಳಿದ ದನಗಳ ಹೊಟ್ಟೆಗೂ ವಿಷ ಹೋಗಿರಬಹುದಿತ್ತು. ಎರಡಕ್ಕೂ ಕೊಡಬಹುದಾದ ಮದ್ದು ಒಂದೇ, ಸೋಡಿಯಂ ಥಯೋಸಲ್ಫೇಟ್. ನಮ್ಮ ದವಾಖಾನೆಯಲ್ಲಿ ಅದು ಇರಲಿಲ್ಲ. ಆದರೆ ಫೋಟೋ ತೊಳೆಯುವವರು 'ಹೈಪೋ' ಎಂದು ಬಳಸುವುದು ಅದನ್ನೇ. ಬಸ್ ಸ್ಟ್ಯಾಂಡಿನ ಹತ್ತಿರದ ಫೋಟೋ ಅಂಗಡಿಗೆ ಓಡಿದೆ.

"ಫೋಟೋ ತೊಳಿಯೂ ಪುಡಿ ದನಕ್ಕ ಕುಡಸ್ತೀರಿ?" ಅಂಗಡಿಯವರು ಪೊಟ್ಟಣವನ್ನು ಕೈಬಿಡಲೇ ಇಲ್ಲ. "ಏನರ ಹೆಚ್ಚುಕಮ್ಮಿ ಆದ್ರ ನನ್ನ ಹೆಸರು ತಗೀಬ್ಯಾಡ್ರಿ ಮತ್ತ." ಮಾತು ಕೊಟ್ಟು, ಪೊಟ್ಟಣ ಕಿತ್ತುಕೊಂಡಂತೆ ತೆಗೆದುಕೊಂಡು ಸೈಕಲ್ ಏರಿದೆ.

ಗುಡ್ಡದ ಬುಡದಲ್ಲಿ ಜನ ಸೇರಿದ್ದರು. ಹಿಂದೆ ಆ ಇಳಿಜಾರು ದಿಂಡಲ, ಜಾಲಿ ಬೆಳೆದ ಕುರುಚಲು ಕಾಡಾಗಿತ್ತು. ಲಕ್ಕಲಕಟ್ಟಿಯ ದನಗಳೆಲ್ಲ ಮೇಯುತ್ತಿದ್ದದ್ದು ಅಲ್ಲಿ. ಆಹಾರ ಬೆಳೆಯಲೆಂದು ಸರಕಾರ ಅದನ್ನು ತುಂಡು ಮಾಡಿ ಭೂಮಿ ಇಲ್ಲದವರಿಗೆ ಕೊಟ್ಟಾಗ ಕೂಲಿಯ ಹನುಮಪ್ಪನಿಗೂ ಒಂದು ಪಾಲು ಸಿಕ್ಕಿತ್ತು. ದನದವರಿಗೂ ಅವನಿಗೂ ಅಂದಿನಿಂದ ಸರಿಯಿರಲಿಲ್ಲ. ಈಗ ಅವನು ತನ್ನ ಜೋಳದ ಹೊಲದ ಬದುವಿನ ಮೇಲೆ ಕೊಡಲಿ ಹಿಡಿದು ನಿಂತಿದ್ದ. ಎದುರಿಗೆ ಬಸಲಿಂಗಪ್ಪನವರ ಕಡೆಯವರ ಕೈಯಲ್ಲಿ ಬಡಿಗೆಗಳಿದ್ದವು.

"ದನಾ ಜ್ವಾಳದಾಗ ಹೊಕ್ಕಿದ್ದುವೇನು?" ಯಲ್ಲಪ್ಪನನ್ನು ಕೇಳಿದೆ.

"ದೇವರಾಣಿ ಹೊಕ್ಕಿಲ್ರಿ. ಅವನ ಹೊಲದ ಬಾಜೂ ತಗ್ಗಿನಾಗ ನೀರು ಕುಡುದ್ವು, ಬಿದ್ವು."

ಅವನು ನನ್ನ ಕಣ್ಣು ತಪ್ಪಿಸಿ ಹೇಳಿದ. ಸತ್ತ ಆಕಳ ಹೊಟ್ಟೆ ಸೀಳಿ ನೋಡಿದರೆ ಗೊತ್ತಾಗುತ್ತದೆ ಎಂದೆ. ಬಸಲಿಂಗಪ್ಪನವರು ಅಡ್ಡ ಬಂದರು. "ನನ್ನ ಮನೀ ಲಕ್ಷ್ಮೀನ ಕೊಯ್ಯಾಕ ನಾ ಬಿಡಂಗಿಲ್ಲ." ಹೊಲದೊಳಗೆ ಹೋಗುತ್ತೇನೆ ಎಂದರೆ ಹನುಮಪ್ಪ ಕೊಡಲಿ ಅಡ್ಡ ಹಿಡಿದ. "ಇಲ್ಲೇ ನಿಂದರ್ರಿ. ಒಳಗ ಏನಿಲ್ಲ."

ಒಬ್ಬನಾದರೂ ನಿಜ ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಹನುಮಪ್ಪ ಆಗಾಗ ಹೊಲದೊಳಗಿನ ತನ್ನ ಗುಡಿಸಲಿನತ್ತ ತಿರುಗಿ ನೋಡುತ್ತಿದ್ದ. ಅದರ ಹಿಂದೆ ಏನೋ ಇದೆ, ಅದು ಪಾಷಾಣದ ಡಬ್ಬಿಯೇ ಇರಬೇಕು ಎಂದುಕೊಂಡೆ. ಪೊಲೀಸರಿಗೆ ಹೇಳಿ ಕಳಿಸುವುದೇ ಸರಿ ಎಂದು ತಿರುಗುವಷ್ಟರಲ್ಲಿ ಗುಡಿಸಲಿನಿಂದ ಅವನ ಹೆಂಡತಿ ದ್ಯಾಮವ್ವ ಓಡಿ ಬಂದಳು.

"ಎಪ್ಪಾ, ನಮ್ಮ ಎತ್ತೂ ಬಿದ್ದೈತ್ರಿ! ಕಣ್ಣಿ ಹರ್ಕೊಂಡು ಜ್ವಾಳದಾಗ ಹೋಗಿತ್ತು. ಲಗೂ ಬರ್ರಿ!"

"ಬಾಯಿ ಮುಚ್ಚ!" ಎಂದು ಹನುಮಪ್ಪ ಕೂಗಿದ. ಆದರೆ ಅವನ ಕೈಯ ಕೊಡಲಿ ಕೆಳಗಿಳಿದಿತ್ತು.

ಅವಳ ಹಿಂದೆ ನಾನೂ, ನನ್ನ ಹಿಂದೆ ಉಳಿದವರೂ ಓಡಿದೆವು. ಗುಡಿಸಲಿನ ಹಿಂದೆ, ಮೇಲೆ ಗೋಣಿತಟ್ಟು ಹೊದಿಸಿಕೊಂಡು ಕಂದು ಎತ್ತೊಂದು ಮಲಗಿತ್ತು. ಉಸಿರು ಎಳೆದೆಳೆದು ಬಿಡುತ್ತಿತ್ತು. ಬಾಯಲ್ಲಿ ನೊರೆ, ಹಲ್ಲಿಗೆ ಸಿಕ್ಕಿದ ಜೋಳದ ಎಳೆಗರಿ. ಕಣ್ಣಿನ ರೆಪ್ಪೆ ಮಡಚಿ ನೋಡಿದೆ; ಒಳಗೆ ಹೊಳೆಯುವ ಕೆಂಪು. ಈ ವಿಷ ಏರಿದಾಗ ರಕ್ತದಲ್ಲಿ ಪ್ರಾಣವಾಯು ಇದ್ದರೂ ದೇಹ ಅದನ್ನು ಬಳಸಿಕೊಳ್ಳಲಾರದು, ಹಾಗಾಗಿ ಆ ಕೆಂಪು. ಇನ್ನು ಅನುಮಾನ ಉಳಿಯಲಿಲ್ಲ.

ಹೈಪೋವನ್ನು ನೀರಿನಲ್ಲಿ ಕದಡಿ ಬಿದಿರಿನ ಗೊಟ್ಟದಿಂದ ಸ್ವಲ್ಪ ಸ್ವಲ್ಪವೇ ಕುಡಿಸತೊಡಗಿದೆ. ದ್ಯಾಮವ್ವ ಎತ್ತಿನ ಕೊಂಬು ಹಿಡಿದಳು. ಹನುಮಪ್ಪ ಅದರ ಕತ್ತು ನೀವುತ್ತ ಒಂದೇ ಸಮನೆ ಅಳುತ್ತಿದ್ದ. ಎತ್ತನ್ನು ಮರೆಸಿದ್ದೇಕೆ ಎಂದು ಅವನನ್ನು ಕೇಳಿದೆ.

"ಗಿಡಾ ಕಡದಾಗ ಇಲ್ಲಿ ದುರ್ಗವ್ವನ ಕಲ್ಲು ಇತ್ತ್ರಿ. ಅಕೀ ಸಿಟ್ಟಾಗ್ಯಾಳ, ಇವನ ದನಾನೂ ಬಿತ್ತು ಅಂತ ಊರಾಗ ಗೊತ್ತಾದ್ರ ಭೂಮಿ ಕಸ್ಕೊಂತಾರ್ರಿ. ಇದೊಂದ ಐತಿ ನಮಗ."

ಬಹಳ ಹೊತ್ತು ಏನೂ ಆಗಲಿಲ್ಲ. ಎತ್ತಿನ ಕಾಲು ಒಮ್ಮೆ ಸೆಟೆದಾಗ ಆಸೆ ಬಿಟ್ಟೆ. ಆಮೇಲೆ ಉಸಿರು ನಿಧಾನಕ್ಕೆ ಸಮವಾಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅದು ಮುಂಗಾಲೂರಿ, ತೂರಾಡುತ್ತ ಎದ್ದು ನಿಂತಿತು. ಬದುಕಿದ್ದು ಮದ್ದಿನಿಂದಲೋ, ತಿಂದದ್ದು ಕಡಿಮೆಯಾದ್ದರಿಂದಲೋ, ಖಚಿತವಾಗಿ ನಾನು ಇಂದಿಗೂ ಹೇಳಲಾರೆ.

ಅದನ್ನು ಕಂಡ ಯಲ್ಲಪ್ಪ ಧಣಿಯ ಕಾಲ ಬಳಿ ಕುಳಿತುಬಿಟ್ಟ. "ಹೊಕ್ಕಿದ್ದುವ್ರಿ ಯಪ್ಪಾ. ಹಿಂದಿಂದ ಮೇದು ರೂಢಿ ಆದ ಜಾಗ, ಹೊಡದ್ರೂ ಕೇಳ್ಲಿಲ್ಲ. ಹೇಳಿದ್ರ ನನ್ನ ಕೆಲಸದಿಂದ ತಗೀತೀರಿ ಅಂತ ಅಂಜಿದ್ನಿ."

ಬಸಲಿಂಗಪ್ಪನವರು ಬೆನ್ನು ತಿರುಗಿಸಿ ನಿಂತು, "ಕೊಯ್ದು ನೋಡ್ರಿ" ಎಂದರು. ಎರಡೂ ಆಕಳ ಹೊಟ್ಟೆಯಲ್ಲಿ ಇನ್ನೂ ಅರೆಯದ ಹಸಿರು ಚಿಗುರೇ ತುಂಬಿತ್ತು. ತಗ್ಗಿನ ನೀರನ್ನು ಬೊಗಸೆಯಲ್ಲಿ ಎತ್ತಿ ಹನುಮಪ್ಪ ಎಲ್ಲರೆದುರು ಕುಡಿದ. ಬಡಿಗೆ ಹಿಡಿದವರು ಒಬ್ಬೊಬ್ಬರೇ ಊರ ದಾರಿ ಹಿಡಿದರು.

ಬಸಲಿಂಗಪ್ಪನವರೂ ಹನುಮಪ್ಪನೂ ಆಮೇಲೆ ಒಂದಾದರೆಂದು ಹೇಳಿದರೆ ಸುಳ್ಳಾದೀತು. ಮಾರನೆಯ ದಿನ ಹನುಮಪ್ಪ ಹೊಲದ ಚಿಗುರನ್ನೆಲ್ಲ ಬೇರುಸಹಿತ ಹರಗಿದ. ಬಸಲಿಂಗಪ್ಪನವರು ದನಗಳನ್ನು ಮುಶಿಗೇರಿ ದಾರಿಯ ಬೀಳಿಗೆ ಹೊಡೆಸಿದರು. ಮಾತುಕತೆ ಇರಲಿಲ್ಲ, ಆದರೆ ಬಡಿಗೆಯೂ ಮೇಲೇಳಲಿಲ್ಲ. ಅಂದಿನಿಂದ ನನ್ನ ದವಾಖಾನೆಗೆ ಕಾಯಿಲೆಯ ದನಗಳು ಬರತೊಡಗಿದವು.

ಅದಾದ ಮೇಲೆ ಮೂವತ್ತು ವರ್ಷ ಹತ್ತಾರು ಊರುಗಳಲ್ಲಿ ದುಡಿದೆ. ಮೂಕ ಪ್ರಾಣಿಗೆ ಸುಳ್ಳು ಬರದು. ಸುಳ್ಳು ಬರುವುದು ಅದರ ಒಡೆಯನಿಗೆ. ಅವನು ಸುಳ್ಳಾಡಿದಾಗ ಏನು ತಪ್ಪು ಮಾಡಿದ್ದಾನೆಂದು ಹುಡುಕುವ ಮೊದಲು, ಏನು ಕಳೆದುಕೊಳ್ಳುವ ಅಂಜಿಕೆ ಅವನಿಗಿದೆ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಸಿಕ್ಕ ಕಡೆಯಲ್ಲೆಲ್ಲ ದನದ ಕಾಯಿಲೆಯೂ ನನಗೆ ಬೇಗ ಗೊತ್ತಾಗಿದೆ.